ಆರು ಹಾಳೆ, ಒಂದೇ ಬುಟ್ಟಾ

ಚಳ್ಳಕೆರೆಯಲ್ಲಿ ಎಂಬಿಎ ಎಂಟ್ರೆನ್ಸ್ ಪರೀಕ್ಷೆಗೆ ಟ್ಯೂಷನ್ ಶುರುಮಾಡುತ್ತೇನೆ ಎಂದಾಗ ನನ್ನ ಗೆಳೆಯನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಲೇ, ಇಲ್ಲಿ ಶೇಂಗಾ ಎಣ್ಣೆ ಮಾರೋಕೆ ತಕ್ಕಡಿ ಸಾಕು. ಎಂಬಿಎ ಮಾಡ್ದೋನು ಬಂದು ಏನ್ ಮಾಡ್ತಾನೆ, ಎಣ್ಣೆ ಡಬ್ಬಕ್ಕೆ ಟೈ ಕಟ್ತಾನಾ?" ಎಂದ. ನಾನೂ ಜೊತೆಗೆ ನಕ್ಕೆ. ಒಳಗೊಳಗೇ ಮಾತ್ರ ಉರಿಯುತ್ತಿತ್ತು. ಯಾಕೆಂದರೆ ಅದಕ್ಕೂ ಎಂಟೊಂಬತ್ತು ವರ್ಷ ಮೊದಲು ನಾನೇ ಆ ಪರೀಕ್ಷೆ ಬರೆದು ಮಣ್ಣು ಮುಕ್ಕಿ ಬಂದಿದ್ದೆ.

ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲಿಗನಾದವನು ನಾನು. ಆದರೂ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಉತ್ತರದ ಹಾಳೆಯ ತುಂಬ ಸಾಲುಸಾಲು ಸೊನ್ನೆಗಳು. ಸರಿಯಾದ ಸೊನ್ನೆಯನ್ನು ಪೆನ್ಸಿಲ್ಲಿನಿಂದ ತುಂಬಬೇಕಂತೆ. ಮೊದಲ ಅರ್ಧ ಗಂಟೆ ನಾನು ಅವನ್ನು ರಂಗೋಲಿಯಷ್ಟು ನೀಟಾಗಿ ತುಂಬುತ್ತ ಕೂತೆ. ಪಕ್ಕದ ಹುಡುಗ ಬೆಂಗಳೂರಿನ ಯಾವುದೋ ಕೋಚಿಂಗ್ ಕ್ಲಾಸಿನಲ್ಲಿ ಪಳಗಿದವನು, ಪಟಪಟ ಪುಟ ತಿರುಗಿಸುತ್ತಿದ್ದ. ಆ ಸದ್ದು ಕೇಳಿ ನಾನು ಪ್ರಶ್ನೆ ಓದದೆಯೇ ಸೊನ್ನೆ ತುಂಬತೊಡಗಿದೆ. ಆಮೇಲೆ ಎಂ.ಕಾಂ. ಮಾಡಿ ಊರಿಗೇ ಬಂದು ಒಂದು ಪದವಿ ಕಾಲೇಜಿನಲ್ಲಿ ಪಾರ್ಟ್ ಟೈಮ್ ಲೆಕ್ಚರರ್ ಆದೆ. ಆರು ವರ್ಷವಾದರೂ ಪಾರ್ಟ್ ಟೈಮೇ. ಹುಡುಗರು ಸಾರ್ ಎನ್ನುತ್ತಿದ್ದರು, ಆಫೀಸಿನ ಗುಮಾಸ್ತ 'ಆ ಪಾರ್ಟ್ ಟೈಮು' ಎನ್ನುತ್ತಿದ್ದ.

ಈಗ ಇದನ್ನು ಬರೆಯುತ್ತಿರುವುದು ಟ್ಯೂಷನ್ನಿನ ಹೆಮ್ಮೆ ಕೊಚ್ಚಿಕೊಳ್ಳಲಿಕ್ಕಲ್ಲ. ಆ ಕ್ಲಾಸಿಗೆ ಮೊಳಕಾಲ್ಮೂರಿನಿಂದ ಒಬ್ಬ ನೇಕಾರರ ಮನೆಯ ಹುಡುಗಿ ಬರುತ್ತಿದ್ದಳು. ಅವಳಿಗೆ ಸೀಟು ಸಿಗಬೇಕಿತ್ತು. ಸಿಗದ ಹಾಗೆ ಮಾಡಿದವನು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಎರಡು ಸಾವಿರದ ಆಸುಪಾಸಿನ ಮಾತು. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರಲಿಲ್ಲ. ಟ್ಯೂಷನ್ನಿಗೆ ಜಾಗ ಕೊಟ್ಟದ್ದು ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರು. ಅವರ ಮಗನೂ ನನ್ನ ಶಿಷ್ಯನಾದ್ದರಿಂದ ಮಿಲ್ಲಿನ ಹಿಂದೆ ಖಾಲಿ ಚೀಲ ಒಟ್ಟುವ ಕೋಣೆಯನ್ನು ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟರು. ಮೂಗಿಗೆ ಸದಾ ಶೇಂಗಾ ಹಿಂಡಿಯ ವಾಸನೆ. ಪಾಠ ಮುಗಿಸಿ ಮನೆಗೆ ಹೋದರೆ ಎಮ್ಮೆ ಕೂಡ ನನ್ನ ಅಂಗಿ ಮೂಸುತ್ತಿತ್ತು.

ಒಟ್ಟು ಆರು ಜನ. ಸಾಹುಕಾರರ ಮಗ, ಪರಶುರಾಂಪುರದ ಕಡೆಯ ಇಬ್ಬರು ರೈತರ ಮಕ್ಕಳು, ರಾಂಪುರದ ಅಂಗಡಿಯವರ ಮಗ, ಚಳ್ಳಕೆರೆಯದೇ ಒಬ್ಬ, ಮತ್ತೆ ಈ ಹುಡುಗಿ. ಬೆಂಗಳೂರಿನ ಕ್ಲಾಸುಗಳು ಕೇಳುತ್ತಿದ್ದ ಫೀಸಿನಲ್ಲಿ ಇವರ ಮನೆಯ ಆರು ತಿಂಗಳ ಸಂತೆ ಆಗುತ್ತಿತ್ತು. ನಾನು ತೆಗೆದುಕೊಳ್ಳುತ್ತಿದ್ದದ್ದು ಜೆರಾಕ್ಸ್ ಖರ್ಚು, ಅದರ ಮೇಲೆ ಒಂದು ಚೂರು. ಪರಿಚಯದವರೊಬ್ಬರನ್ನು ಕಾಡಿ ಬೇಡಿ ಕೋಚಿಂಗ್ ಕ್ಲಾಸಿನ ಒಂದು ಸೆಟ್ ಪುಸ್ತಕ ತಂದಿದ್ದೆ. ಅದರ ಜೆರಾಕ್ಸನ್ನು ಆರು ಭಾಗ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟು, ಪ್ರತಿ ಭಾನುವಾರ ಅದಲುಬದಲು ಮಾಡಿಸುತ್ತಿದ್ದೆ. ಆರು ವಾರಕ್ಕೆ ಇಡೀ ಸೆಟ್ಟು ಎಲ್ಲರ ಕೈ ದಾಟುತ್ತಿತ್ತು. ಇಂಗ್ಲಿಷಿಗೆ ಬೀಡಾ ಅಂಗಡಿಯ ಹಳೇ ಪೇಪರು. ಟೈಮ್ ನೋಡಲಿಕ್ಕೆ ನನ್ನ ಮದುವೆಯಲ್ಲಿ ಉಡುಗೊರೆ ಬಂದ ಅಲಾರಂ ಗಡಿಯಾರ.

ಬಡವರ ತಯಾರಿ ಬುದ್ಧಿವಂತ ತಯಾರಿ ಆಗಿರಬೇಕು ಅನ್ನುವುದು ನನ್ನ ಹಟ. ಇಪ್ಪತ್ತು ಪುಸ್ತಕ ಓದುವ ಶಕ್ತಿ ನಮಗಿಲ್ಲ, ಆದ್ದರಿಂದ ಯಾವುದನ್ನು ಬಿಡಬೇಕು ಅನ್ನುವುದನ್ನು ಮೊದಲು ಕಲಿಯಬೇಕು. ಅದನ್ನು ತಿಳಿಸಲು ಮಾರ್ಕೆಟ್ ಯಾರ್ಡಿನ ಉದಾಹರಣೆ ಕೊಡುತ್ತಿದ್ದೆ. "ನೂರು ಚೀಲ ಶೇಂಗಾ ಬಂದ್ರೆ ಖರೀದಿದಾರ ನೂರನ್ನೂ ಬಿಚ್ಚಿ ಸುರೀತಾನೇನ್ರೋ? ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ತೆಗೀತಾನೆ, ಒಂದು ಬೀಜ ಕಡೀತಾನೆ, ಆಗುತ್ತೆ ಇಲ್ಲ ಆಗಲ್ಲ ಅಂತ ಮುಂದಿನ ಚೀಲಕ್ಕೆ ಹೋಗ್ತಾನೆ. ಪ್ರಶ್ನೆನೂ ಹಂಗೇ ಚುಚ್ಚಿ ನೋಡ್ರಿ. ಬರುತ್ತೆ ಅನ್ನಿಸಿದ್ರೆ ಮಾಡಿ, ಇಲ್ಲದಿದ್ರೆ ಮುಂದಕ್ಕೆ." ಅವರೆಲ್ಲ ಯಾರ್ಡಿನಲ್ಲಿ ಅಪ್ಪಂದಿರ ಚೀಲದ ಪಕ್ಕ ನಿಂತು ಬೆಳೆದವರು. ಮಾತು ಥಟ್ಟನೆ ನಾಟಿತು. ಇಲ್ಲಿಯವರೆಗೆ ನಾನು ಒಳ್ಳೆಯ ಮೇಷ್ಟ್ರೇ.

ಹುಡುಗಿ ಮೊದಲ ಬಸ್ಸಿಗೆ ಬರುತ್ತಿದ್ದಳು, ಅವಳ ಜೊತೆ ಅವಳ ಅಪ್ಪ. ಮಗ್ಗ ನಿಲ್ಲಿಸಿ ಬಂದು, ಹಿಂದೆ ಮಡಚಿಟ್ಟ ಚೀಲಗಳ ಮೇಲೆ ಕೂತು, ಸಂಜೆಯವರೆಗೂ ಪಾಠ ಕೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರದು. ಮನೆಮಾತು ತೆಲುಗು, ಮಗಳನ್ನು 'ತಲ್ಲೀ' ಎಂದೇ ಕರೆಯುತ್ತಿದ್ದರು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. "ನೀವು ಸುಮ್ನೆ ಯಾಕ್ರೀ ಕಷ್ಟ ಪಡ್ತೀರಿ, ಅವಳನ್ನ ಬಸ್ ಹತ್ತಿಸಿದ್ರೆ ಸಾಕು" ಎಂದೆ ಒಂದು ದಿನ. "ಇರ್ಲಿ ಬಿಡ್ರಿ ಸಾರ್. ವಾರವೆಲ್ಲಾ ಮಗ್ಗದ ಸದ್ದು ಕೇಳ್ತೀನಿ. ಇವತ್ತೊಂದಿನ ನಿಮ್ ಸದ್ದು" ಎಂದರು.

ಅವರ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಡಿಗ್ರಿ ಮುಗಿಸಿ ಬಂದ ಮಗಳು. ಅವಳು ನೇಯ್ದ ರೇಷ್ಮೆ ಸೀರೆಗೆ ಯಾರೋ ರೇಟು ಕಟ್ಟುತ್ತಿದ್ದರು, ಇನ್ಯಾರೋ ಅದಕ್ಕೆ ಮೂರರಷ್ಟು ಸೇರಿಸಿ ಶೋರೂಮಿನಲ್ಲಿ ಮಾರುತ್ತಿದ್ದರು. ಎಂಬಿಎ ಯಾಕೆ ಬೇಕು ಎಂದು ನಾನು ಮೊದಲ ದಿನ ಎಲ್ಲರನ್ನೂ ಕೇಳಿದ್ದೆ. ಹುಡುಗರು ಕೆಲಸ, ಸಂಬಳ ಎಂದು ತಡವರಿಸಿದರು. ಅವಳು, "ನೇಯೋರು ನಾವು, ರೇಟ್ ಹೇಳೋರು ಬೇರೆಯೋರು ಸಾರ್. ಅವ್ರು ಹೆಂಗ್ ಹೇಳ್ತಾರೆ ಅಂತ ಕಲೀಬೇಕು" ಎಂದಳು. ನಾನು ಅವತ್ತೇ ಇವಳಿಗೆ ಸೀಟು ಗ್ಯಾರಂಟಿ ಎಂದುಕೊಂಡೆ.

ಆದರೆ ಅವಳಿಗೆ ಇದ್ದದ್ದು ಒಂದೇ ವರ್ಷ. ಅವಳು ಓದಲು ಕೂತರೆ ಒಂದು ಮಗ್ಗ ನಿಲ್ಲುತ್ತದೆ. ಚಿಕ್ಕಪ್ಪ ದೊಡ್ಡಪ್ಪಂದಿರು ಒಪ್ಪಿರಲಿಲ್ಲ. ಅಪ್ಪ ಅವರೆಲ್ಲರ ಮುಂದೆ ನಿಂತು, "ಒಂದು ವರ್ಷ ಆ ಮಗ್ಗ ಖಾಲಿ ಇರ್ತೈತೆ. ಸೀಟ್ ಸಿಕ್ರೆ ಹೋಗ್ತಾಳೆ, ಇಲ್ದಿದ್ರೆ ವಾಪಸ್ ಕೂರ್ತಾಳೆ. ಇದು ನನ್ ಮಾತು" ಎಂದು ಬಂದಿದ್ದರು. ಇದನ್ನು ಅವರೇ ನನಗೆ ಹೇಳಿದ್ದು, ಚೀಲದ ಮೇಲೆ ಕೂತು, ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ.

ಇನ್ನು ನನ್ನ ಅತಿಬುದ್ಧಿಯ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಉದ್ದುದ್ದ ಇಂಗ್ಲಿಷ್ ಪ್ಯಾಸೇಜುಗಳು, ಟೇಬಲ್ ಸುತ್ತ ಯಾರ ಪಕ್ಕ ಯಾರು ಕೂತರು ಅನ್ನುವ ತಲೆನೋವಿನ ಲೆಕ್ಕಗಳು ಇರುತ್ತಿದ್ದವು. ನಮ್ಮವರಿಗೆ ಅಷ್ಟು ಹೊತ್ತಿಗೆ ಟೈಮೇ ಉಳಿಯುತ್ತಿರಲಿಲ್ಲ. ತಪ್ಪಿಗೆ ಮಾರ್ಕ್ಸ್ ಕಳೆಯುವ ಪದ್ಧತಿ ಆ ಪರೀಕ್ಷೆಯಲ್ಲಿ ಇರಲಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ್ದಕ್ಕೆಲ್ಲ ನಿಮಗೆ ತೋಚಿದ ಒಂದೇ ಅಕ್ಷರ ಹಾಕಿಕೊಂಡು ಬನ್ನಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಸರಳವಾದದ್ದನ್ನು ಹೇಳಿದರೆ ನಾನು ಸಾರ್ ಹೇಗಾಗುತ್ತೇನೆ? ಹಳೇ ಪೇಪರುಗಳ ಉತ್ತರಗಳನ್ನು ಬಿಚ್ಚಿ ಹರವಿಕೊಂಡು ಎರಡು ವಾರ ಕೂತು ಒಂದು ಸೂತ್ರ ಕಂಡುಹಿಡಿದೆ. ಬಿ, ಡಿ, ಎ, ಸಿ. ಕೊನೆಯ ಮೂವತ್ತು ಚಿಲ್ಲರೆ ಪ್ರಶ್ನೆಗಳಿಗೆ ಇದೇ ಸರಣಿಯಲ್ಲಿ ಸುತ್ತಿಸಿಕೊಂಡು ಹೋಗಬೇಕು. ಹತ್ತು ನಿಮಿಷ ಉಳಿದಾಗ ಮಿಕ್ಕ ಕೆಲಸ ಬಿಟ್ಟು ಮೊದಲು ಇದನ್ನು ತುಂಬಿಬಿಡಬೇಕು, ತುಂಬಿದ ಮೇಲೆ ಮತ್ತೆ ಮುಟ್ಟಬಾರದು.

ಇದರಿಂದ ನಯಾಪೈಸೆ ಹೆಚ್ಚಿನ ಲಾಭ ಇಲ್ಲ. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದ ನನಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಬೋರ್ಡಿನ ಮೇಲೆ ನಾಲ್ಕು ಅಕ್ಷರ ಬರೆದು ಸುತ್ತ ಗೆರೆ ಎಳೆದಾಗ ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು, ನನಗೆ ಕೊಂಬು ಬಂದಂತಾಯಿತು. ಹುಡುಗಿ ಮಾತ್ರ ಕೈ ಎತ್ತಿದಳು. "ಸಾರ್, ಎಲ್ಲದಕ್ಕೂ ಒಂದೇ ಹಾಕಿದ್ರೂ ಅಷ್ಟೇ ಮಾರ್ಕ್ಸ್ ಬರ್ತಾವಲ್ರಿ?"

"ಹೇಳ್ದಷ್ಟು ಮಾಡಮ್ಮ" ಎಂದು ಗದರಿದೆ. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಮುಂದಿನ ಭಾನುವಾರ ಪೂರ್ತಿ ಮೂರು ಗಂಟೆಯ ಮಾದರಿ ಪರೀಕ್ಷೆ ಇಟ್ಟೆ. ಸೊನ್ನೆಗಳಿದ್ದ ಉತ್ತರದ ಹಾಳೆಯನ್ನೂ ಜೆರಾಕ್ಸ್ ಮಾಡಿಸಿದ್ದೆ. ಮುಗಿದ ಮೇಲೆ ಆರೂ ಹಾಳೆಗಳನ್ನು ಚೀಲಗಳ ಮೇಲೆ ಸಾಲಾಗಿ ಇಟ್ಟು ತಿದ್ದಲು ಕೂತೆ. ಹುಡುಗಿಯ ಅಪ್ಪ ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಇದು ನಮ್ ಜಕಾರ್ಡ್ ರಟ್ಟು ಇದ್ದಂಗೈತಲ್ರಿ ಸಾರ್" ಎಂದರು. ಸೀರೆಯ ಅಂಚಿಗೆ, ಒಡಲ ಮೇಲಿನ ಬುಟ್ಟಾ ಚಿತ್ತಾರಕ್ಕೆ ಯಾವ ಎಳೆ ಏಳಬೇಕು ಯಾವುದು ಬೀಳಬೇಕು ಎಂದು ಮಗ್ಗಕ್ಕೆ ತಿಳಿಸಲು ಸಾಲುಸಾಲು ತೂತು ಹೊಡೆದ ರಟ್ಟುಗಳಿರುತ್ತವೆ. ಅವರು ಹೇಳಿದ್ದು ಅದನ್ನು. ನನಗೂ ಖುಷಿಯಾಯಿತು, ಹೌದಲ್ಲ ಎಂದೆ. ಅವರು ಇನ್ನಷ್ಟು ಬಗ್ಗಿದರು. ಆರೂ ಹಾಳೆಗಳ ಕೆಳಭಾಗದ ಮೇಲೆ ಬೆರಳಾಡಿಸಿಕೊಂಡು ಹೋದರು.

"ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ಮೇಲೆಲ್ಲಾ ಒಬ್ಬೊಬ್ರುದು ಒಂದೊಂದು ಥರ ಐತೆ. ಕೆಳಗ್ ಬಂದ್ರೆ ಆರಕ್ಕೂ ಒಂದೇ ಬುಟ್ಟಾ ಬಿದ್ದೈತೆ. ಆರು ಮಗ್ಗದಾಗೆ ಹಿಂಗೆ ಬರಲ್ರಿ. ನೋಡ್ದೋರು ಒಂದೇ ರಟ್ಟು ಹಾಕಿ ಇಳಿಸವ್ರೆ ಅಂತಾರೆ."

ನಾನು ನಕ್ಕೆ. ಅವರ ಹೆಗಲ ಮೇಲೆ ಕೈ ಇಟ್ಟು ನಕ್ಕೆ. "ಅದನ್ನ ಮನುಷ್ಯರು ನೋಡಲ್ಲ ಯಜಮಾನ್ರೇ, ಮೆಷಿನ್ ನೋಡುತ್ತೆ. ಮೆಷಿನ್ನಿಗೆ ಬುಟ್ಟಾ ಗಿಟ್ಟಾ ಗೊತ್ತಾಗಲ್ಲ" ಎಂದೆ. ಹುಡುಗರೂ ನಕ್ಕರು. ಅವರು, "ಹಂಗಾ ಸಾರ್, ನಮಗೇನ್ ಗೊತ್ತು" ಎಂದು ವಾಪಸ್ ಹೋಗಿ ಕೂತರು. ಮಗಳು ನಗಲಿಲ್ಲ. ಅವಳ ಮುಖ ಅವತ್ತು ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದೆ. ಅರ್ಜಿ ತುಂಬುವಾಗ ಯಾರೂ ತಪ್ಪು ಮಾಡಬಾರದೆಂದು ಆರೂ ಅರ್ಜಿಗಳನ್ನು ನಾನೇ ಕೂತು ತುಂಬಿಸಿದೆ. ಅಂಚೆ ಖರ್ಚು ಉಳಿಯಲಿ ಎಂದು ಆರನ್ನೂ ಒಂದೇ ಕವರಿಗೆ ಹಾಕಿ ರಿಜಿಸ್ಟರ್ ಮಾಡಿದೆ. ಹಾಲ್ ಟಿಕೆಟ್ ಬಂದಾಗ ನೋಡಿದರೆ ಆರು ಜನರದೂ ಒಂದರ ಹಿಂದೊಂದು ನಂಬರು. ದಾವಣಗೆರೆಯಲ್ಲಿ ಒಂದೇ ಸೆಂಟರು, ಒಂದೇ ಕೋಣೆ, ಒಂದೇ ಸಾಲು. ಹುಡುಗರು ಕುಣಿದಾಡಿದರು. ಹೊಸ ಊರಲ್ಲಿ ಒಬ್ಬರಿಗೊಬ್ಬರು ಧೈರ್ಯ ಎಂದು ನನಗೂ ಸಮಾಧಾನವಾಯಿತು. ನಾನೂ ಹುಡುಗಿಯ ಅಪ್ಪನೂ ಜೊತೆಗೆ ಹೋಗಿ ಪರೀಕ್ಷೆ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ಅವರು ಬಾಳೆಹಣ್ಣು ತಂದಿದ್ದರು. ಒಂದನ್ನೂ ತಿನ್ನಲಿಲ್ಲ, ಮಗಳು ಬರಲಿ ಎಂದರು.

ಅವಳು ಹೊರಗೆ ಬಂದಾಗ ಮುಖ ಅರಳಿತ್ತು. "ಚೆನ್ನಾಗಾಯ್ತು ಸಾರ್. ಕೊನೇ ಹತ್ತು ನಿಮಿಷ ಇದ್ದಾಗ ನೀವ್ ಹೇಳ್ದಂಗೆ ಹಾಕಿದೆ. ಇನ್ನೂ ಎಂಟೋ ಹತ್ತೋ ಮಾಡೋಕಾಗ್ತಿತ್ತು, ಮುಟ್ಟಬ್ಯಾಡಿ ಅಂದಿದ್ರಲ್ಲ, ಮುಟ್ಟಲಿಲ್ಲ" ಎಂದಳು. ನಾನು ಶಹಬ್ಬಾಸ್ ಎಂದೆ.

ಫಲಿತಾಂಶದ ದಿನ ಆರು ನಂಬರುಗಳ ಎದುರಿಗೂ ಒಂದೇ ಮಾತು ಇತ್ತು: ತಡೆಹಿಡಿಯಲಾಗಿದೆ. ಎರಡು ದಿನಕ್ಕೆ ಎಲ್ಲರ ಮನೆಗೂ ಇಂಗ್ಲಿಷಿನಲ್ಲಿ ಕಾಗದ ಬಂತು. ಒಂದೇ ಕೋಣೆಯಲ್ಲಿ ಸಾಲಾಗಿ ಕೂತ ಆರು ಅಭ್ಯರ್ಥಿಗಳ ಕೊನೆಯ ಉತ್ತರಗಳು, ತಪ್ಪುಗಳ ಸಮೇತ, ಒಂದೇ ರೀತಿ ಇವೆ. ನಕಲು ಮಾಡಿದ ಅನುಮಾನವಿದೆ. ಹದಿನೈದು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ಇಲ್ಲವಾದರೆ ಈ ವರ್ಷದ ಫಲಿತಾಂಶ ರದ್ದು.

ಕಾಗದವನ್ನು ಎರಡೆರಡು ಸಲ ಓದಿದೆ. ಚೀಲಗಳ ಮೇಲೆ ಬೆರಳಾಡಿಸುತ್ತಿದ್ದ ಆ ಮನುಷ್ಯನೇ ಕಣ್ಣ ಮುಂದೆ ಬಂದರು. ಆರು ಜನವೂ ಮಿಲ್ಲಿನ ಕೋಣೆಗೆ ಬಂದಿದ್ದರು, ಅವರ ಹಿಂದೆ ಹುಡುಗಿಯ ಅಪ್ಪನೂ ಇದ್ದರು. 'ನಾನು ಹೇಳಿದ್ದೆನಲ್ಲ' ಎಂಬ ಮಾತು ಅವರ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ನಾನು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಮಾತಾಡಿದವಳು ಹುಡುಗಿ. "ಸಾರ್, ಇದು ಸುಲಭ ಐತೆ. ನಾನೇ ಟ್ಯೂಷನ್ ಮಾಡ್ದೋನು, ನಾನೇ ಈ ಥರ ತುಂಬೋಕೆ ಹೇಳ್ಕೊಟ್ಟೆ ಅಂತ ನೀವೊಂದು ಕಾಗ್ದ ಬರ್ದು ಸೈನ್ ಹಾಕಿ. ಹಳೇ ಮಾದರಿ ಪರೀಕ್ಷೆ ಹಾಳೆ ನಿಮ್ ಹತ್ರನೇ ಐತಲ್ಲ, ಅದನ್ನೂ ಜೊತೆಗಿಟ್ರೆ ಆಯ್ತು."

ಎಷ್ಟು ಸರಿಯಾಗಿ ಹೇಳಿದಳು! ಆ ಹಾಳೆಗಳ ಮೇಲೆ ಪರೀಕ್ಷೆಗೂ ಎಷ್ಟೋ ವಾರ ಮುಂಚಿನ ತಾರೀಖು ಇತ್ತು, ನನ್ನ ಕೆಂಪು ಇಂಕಿನ ಸಹಿ ಇತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. "ಬರೀತೀನಿ ಕಣಮ್ಮ, ಇವತ್ತೇ ಬರೀತೀನಿ" ಎಂದೆ.

ಬರೆದೆ ಕೂಡ. ಅದೇ ಮಧ್ಯಾಹ್ನ, ಇಂಗ್ಲಿಷಿನಲ್ಲಿ, ಎರಡು ಪುಟ. ಹೆಸರು, ವಿಳಾಸ, ಸಹಿ, ತಾರೀಖು ಎಲ್ಲ ಹಾಕಿದೆ. ಮಾರನೇ ದಿನ ಪೋಸ್ಟ್ ಮಾಡಬೇಕೆಂದು ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ.

ಅವತ್ತೇ ಆಡಳಿತ ಮಂಡಳಿಯ ಕಾರ್ಯದರ್ಶಿ ನನ್ನನ್ನು ಕರೆಸಿದರು. ಕೂತ್ಕೊಳ್ಳಿ ಎಂದರು. ಆರು ವರ್ಷದಲ್ಲಿ ಅವರು ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. "ನಿಮ್ಮ ಪೋಸ್ಟು ಕಾಯಂ ಮಾಡೋ ಫೈಲ್ ಮುಂದಿನ ಮೀಟಿಂಗಿಗೆ ಇಡ್ತಾ ಇದೀವಿ. ಆದ್ರೆ ನಮ್ಮಲ್ಲಿ ಕಾಯಂ ಆಗೋರು ಹೊರಗಡೆ ಟ್ಯೂಷನ್ ಮಾಡಂಗಿಲ್ಲ, ಗೊತ್ತಲ್ಲ? ಮಾಡ್ತಾ ಇಲ್ಲ, ಮಾಡಿಲ್ಲ ಅಂತ ಇಲ್ಲೊಂದು ಸೈನ್ ಹಾಕಿ" ಎಂದು ಟೈಪ್ ಮಾಡಿದ ಹಾಳೆಯೊಂದನ್ನು ತಳ್ಳಿದರು. ನನ್ನ ಕಾಲ ಬಳಿ ಬ್ಯಾಗು, ಬ್ಯಾಗಿನಲ್ಲಿ ಮಾಡಿದ್ದೇನೆ ಎಂದು ಬರೆದ ಕಾಗದ. ನಾನು ಪೆನ್ನು ತೆಗೆದು ಮಾಡಿಲ್ಲ ಎಂದು ಸಹಿ ಹಾಕಿದೆ.

ಹೊರಗೆ ಬಂದವನು ತಲೆಯೊಳಗೆ ವಕಾಲತ್ತು ಶುರುಮಾಡಿದೆ. ಹುಡುಗರೇ ಬರೆದರೆ ಸಾಕಲ್ಲ, ನನ್ನ ಹೆಸರು ಯಾಕೆ ಬೇಕು. ನನಗೂ ಸಂಸಾರವಿದೆ. ಫೈಲು ಪಾಸಾದ ಮೇಲೆ ಕಳಿಸಿದರಾಯಿತು, ಅಷ್ಟರೊಳಗೆ ಅವರೇ ಬಿಟ್ಟುಬಿಟ್ಟಾರು. ಹೇಡಿಗೆ ಕಾರಣಗಳ ಬರ ಬರುವುದಿಲ್ಲ. ಆರು ಜನರ ಪರವಾಗಿ ಆರು ವಿವರಣೆ ನಾನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ನಾವು ನಿರಪರಾಧಿಗಳು, ಒಂದೇ ಪುಸ್ತಕದಿಂದ ಒಟ್ಟಿಗೆ ತಯಾರಾದವರು, ದಯವಿಟ್ಟು ಪರಿಗಣಿಸಬೇಕು. ಟ್ಯೂಷನ್ ಎಂಬ ಮಾತು ಎಲ್ಲೂ ಇರಲಿಲ್ಲ. ಮಾದರಿ ಹಾಳೆ ಜೊತೆಗಿಡಲಿಲ್ಲ, ಅದರ ಮೇಲೆ ನನ್ನ ಸಹಿ ಇತ್ತಲ್ಲ.

"ನಿಮ್ ಕಾಗ್ದ ಸಾರ್?" ಎಂದು ಹುಡುಗಿ ಕೇಳಿದಳು.

"ಅದನ್ನ ನಾನೇ ಬೇರೆ ಕಳಿಸ್ತೀನಿ" ಎಂದೆ. ಅವಳು ನಂಬಿದಳು.

ಆ ಹದಿನೈದು ದಿನ ಬ್ಯಾಗಿನಲ್ಲಿ ಕಾಗದ ಇತ್ತು. ಪೋಸ್ಟ್ ಆಫೀಸಿನ ಮುಂದೆಯೇ ದಿನವೂ ಎರಡು ಸಲ ಓಡಾಡಿದೆ. ಮೀಟಿಂಗು ಎರಡು ಸಲ ಮುಂದಕ್ಕೆ ಹೋಯಿತು. ಹದಿನಾರನೇ ದಿನ ಕಾಗದವನ್ನು ಬ್ಯಾಗಿನಿಂದ ತೆಗೆದು ಟ್ರಂಕಿನಲ್ಲಿಟ್ಟೆ. ವಿವರಣೆ ತೃಪ್ತಿಕರವಾಗಿಲ್ಲ, ಫಲಿತಾಂಶ ರದ್ದು, ಬೇಕಾದರೆ ಮುಂದಿನ ವರ್ಷ ಬರೆಯಬಹುದು ಎಂದು ಆರೂ ಮನೆಗೆ ಉತ್ತರ ಬಂತು. ಅದೇ ತಿಂಗಳು ನಾನು ಕಾಯಂ ಆದೆ. ಮನೆಯಲ್ಲಿ ಹೋಳಿಗೆ ಮಾಡಿದರು.

ಸಾಹುಕಾರರು ಮಗನಿಗೆ ಡೊನೇಷನ್ ಕೊಟ್ಟು ಎಲ್ಲೋ ಸೀಟು ಕೊಡಿಸಿದರು. ಉಳಿದ ಹುಡುಗರು ಬೈದುಕೊಂಡು ಬೇರೆ ಬೇರೆ ದಾರಿ ಹಿಡಿದರು. ಹುಡುಗಿ ವಾಪಸ್ ಮಗ್ಗಕ್ಕೆ ಕೂತಳು, ಅಪ್ಪ ಮಾತು ಕೊಟ್ಟಿದ್ದರಲ್ಲ. ಅಷ್ಟೇ ಆಗಿದ್ದರೆ ಏನೋ. ಕಾಗದದಲ್ಲಿ ನಕಲು ಎಂಬ ಪದವಿತ್ತು, ಆ ಬೀದಿಯಲ್ಲಿ ಇಂಗ್ಲಿಷ್ ಬಲ್ಲ ಯಾರೋ ಅದನ್ನು ಓದಿದ್ದರು. ಅವಳು ಕಾಪಿ ಹೊಡೆದು ಸಿಕ್ಕಿಬಿದ್ದಳಂತೆ ಎಂಬ ಮಾತು ಮಗ್ಗದಿಂದ ಮಗ್ಗಕ್ಕೆ ಹೋಯಿತು.

ಒಂದು ದಿನ ಅವಳ ಅಪ್ಪ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬಂದರೆ ಟ್ಯೂಷನ್ನಿನ ಸುದ್ದಿ ಬಯಲಾಗಿ ನನಗೆ ತೊಂದರೆಯಾದೀತು ಎಂದು ಹೊರಗೇ ಕಾದಿದ್ದರು. "ಸೀಟ್ ಹೋದ್ರೆ ಹೋಗ್ಲಿ ಸಾರ್. ಒಂದ್ಸಲ ನಮ್ ಬೀದಿಗೆ ಬರ್ರಿ. ನೀವು ಮೇಷ್ಟ್ರು, ನಿಮ್ ಮಾತು ಕೇಳ್ತಾರೆ. ನನ್ ಮಗ್ಳು ಕಾಪಿ ಹೊಡೆದೋಳಲ್ಲ ಅಂತ ಒಂದ್ ಮಾತ್ ಹೇಳಿ ಹೋಗ್ರಿ ಸಾಕು" ಎಂದರು. ಬರ್ತೀನಿ ಎಂದೆ. ಹೋಗಲಿಕ್ಕೆ ಒಂದು ವರ್ಷ ಬೇಕಾಯಿತು.

ಯಾಕೆ ಹೋದೆ ಎಂದು ಕೇಳಿಕೊಂಡರೆ ಉತ್ತರ ನನಗೇ ಹಿಡಿಸುವುದಿಲ್ಲ. ಮನಸ್ಸು ಹಗುರ ಮಾಡಿಕೊಳ್ಳಬೇಕಿತ್ತು. ಟ್ರಂಕಿನಲ್ಲಿದ್ದ ಆ ಕಾಗದವನ್ನು ತೋರಿಸಿದರೆ, ನೋಡು, ನಾನು ಬರೆದಿದ್ದೆ, ನಾನು ಅಷ್ಟು ಕೆಟ್ಟವನಲ್ಲ ಎಂದು ಹೇಳಬಹುದು ಎಂಬ ಲೆಕ್ಕ. ಭಾನುವಾರ ಬೆಳಗಿನ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಹೋದೆ. ಬೀದಿಯ ತುದಿಯಿಂದಲೇ ಮಗ್ಗಗಳ ಸದ್ದು ಕೇಳುತ್ತಿತ್ತು. ಅವರ ಮನೆಯಲ್ಲಿ ಎರಡೂ ಮಗ್ಗ ಓಡುತ್ತಿದ್ದವು.

ನನ್ನನ್ನು ಕಂಡು ಅಪ್ಪ ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಣಿಯಿಂದ ಎದ್ದು ಬಂದರು, ಚಾಪೆ ಝಾಡಿಸಿ ಹಾಸಿದರು. ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ನಾನು ಕಾಗದವನ್ನು ಅವಳ ಕೈಗೆ ಕೊಟ್ಟೆ.

ಅವಳು ಎರಡೂ ಪುಟ ಓದಿದಳು. ನಾನು ಟ್ಯೂಷನ್ ಮಾಡಿದ್ದು, ಸೂತ್ರ ಹೇಳಿಕೊಟ್ಟಿದ್ದು, ಹುಡುಗಿಯೊಬ್ಬಳು ಪ್ರಶ್ನೆ ಕೇಳಿದರೂ ಗದರಿಸಿ ಒಪ್ಪಿಸಿದ್ದು, ಎಲ್ಲವೂ ಅದರಲ್ಲಿತ್ತು. ಓದಿ ಮುಗಿಸಿ ಮತ್ತೆ ಮೊದಲ ಪುಟದ ಮೇಲ್ತುದಿಗೆ ಬಂದಳು. ಅಲ್ಲೇ ನಿಂತಳು.

"ಸಾರ್, ಇದು ಹೋದ ವರ್ಷದ ತಾರೀಖು" ಎಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಇನ್ನೂ ಹದಿನಾಲ್ಕು ದಿನ ಇತ್ತು."

ಆ ತಾರೀಖಿನ ಯೋಚನೆಯೇ ನನಗೆ ಬಂದಿರಲಿಲ್ಲ. ಒಳ್ಳೆಯತನದ ಸಾಕ್ಷಿ ಎಂದು ತಂದದ್ದು ಉಲ್ಟಾ ಹೊಡೆದಿತ್ತು. ಬರೆದೂ ಕಳಿಸಲಿಲ್ಲ ಎಂದು ಆ ತಾರೀಖೇ ಹೇಳುತ್ತಿತ್ತು.

"ಏನ್ ತಲ್ಲೀ, ಸಾರ್ ಏನ್ ಬರ್ದವ್ರೆ?" ಎಂದು ಅಪ್ಪ ಹತ್ತಿರ ಬಂದರು.

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ತಪ್ಪು ನಂದು, ಹುಡುಗ್ರು ಕಾಪಿ ಹೊಡೆದಿಲ್ಲ ಅಂತ ಬರ್ದವ್ರಪ್ಪ. ಆವಾಗ್ಲೇ ಕಳ್ಸಿದ್ರಂತೆ, ಇದು ಇನ್ನೊಂದು ಪ್ರತಿ. ಆಫೀಸ್ನೋರೇ ಒಪ್ಲಿಲ್ಲಂತೆ" ಎಂದಳು.

ಅಪ್ಪನ ಕಣ್ಣು ತುಂಬಿತು. ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ನನ್ನ ಸಹಿಯ ಮೇಲೆ ಬೆರಳಾಡಿಸಿದರು. "ನಿಮ್ ನೌಕ್ರಿ ಹೋಗ್ತಿತ್ತಲ್ಲ ಸಾರ್. ಅಂಥಾದ್ರಾಗೂ ಬರ್ದ್ರಾ?" ಎಂದರು. ನಾನು ಬಾಯಿ ತೆರೆದೆ, ಹುಡುಗಿ ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ಅಷ್ಟು ಸಾಕಾಯಿತು ನನಗೆ. ಬಾಯಿ ಮುಚ್ಚಿಕೊಂಡೆ.

ಅವರು ಕಾಗದ ಹಿಡಿದುಕೊಂಡೇ ಹೊರಗೆ ಹೋದರು. ಎದುರು ಮನೆ, ಪಕ್ಕದ ಮನೆ, ಅಣ್ಣಂದಿರ ಮನೆ. ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿ ಹೇಳುತ್ತಿದ್ದರು: ಸಾರೇ ಬಂದವ್ರೆ, ಸಾರೇ ಬರ್ದವ್ರೆ, ಇಗೋ ಸೈನು. ಒಂದೊಂದೇ ಮಗ್ಗ ನಿಂತಿತು, ಜನ ಬಾಗಿಲಿಗೆ ಬಂದು ನನ್ನನ್ನು ನೋಡಿದರು, ಹಿರಿಯರೊಬ್ಬರು ಕೈ ಮುಗಿದರು. ಅವಳ ಹೆಸರಿಗೆ ಹತ್ತಿದ್ದ ಮಸಿ ಅವತ್ತು ತೊಳೆದುಹೋಯಿತು. ತೊಳೆದದ್ದು ಅವಳೇ ಹೇಳಿದ ಸುಳ್ಳು, ಮೆಚ್ಚುಗೆ ಮಾತ್ರ ನನಗೆ ಬಂತು.

ಅಪ್ಪ ಬರುವಷ್ಟರಲ್ಲಿ ಅವಳು ಒಂದು ಲೋಟ ಕಾಫಿ ತಂದು ಮುಂದಿಟ್ಟಳು. "ನಿಮಗೋಸ್ಕರ ಹೇಳ್ಲಿಲ್ಲ ಸಾರ್" ಎಂದಳು. "ಅಪ್ಪ ಒಂದು ವರ್ಷದಿಂದ ಈ ಬೀದಿಯಾಗೆ ತಲೆ ಎತ್ತಿ ಓಡಾಡಿಲ್ಲ." ಆಮೇಲೆ ಹೋಗಿ ತನ್ನ ಮಗ್ಗದ ಗುಣಿಗೆ ಇಳಿದಳು. ಇನ್ನೊಂದು ಸಲ ಪರೀಕ್ಷೆ ಬರಿ, ಫೀಸು ನಾನು ಕಟ್ಟುತ್ತೇನೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳು ಲಾಳಿ ಕೈಗೆ ತೆಗೆದುಕೊಂಡ ಮೇಲೆ ಹೇಳದೆಯೇ ಎದ್ದೆ.

ಅಪ್ಪ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ನನ್ನನ್ನು ತೋರಿಸಿದರು. ನಾನು ಕಿಟಕಿಯ ಪಕ್ಕ ಕೂತ ಮೇಲೆ ಕಾಗದವನ್ನು ಜೋಪಾನವಾಗಿ ಮಡಚಿ ವಾಪಸ್ ಕೊಟ್ಟು, "ಬರ್ತೀನಿ ಅಂದು ಬರದಾಗ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಸಾರ್, ಕ್ಷಮಿಸ್ಬೇಕು" ಎಂದರು. ಬಸ್ಸು ಹೊರಡುವವರೆಗೂ ಕೈ ಮುಗಿದುಕೊಂಡು ನಿಂತೇ ಇದ್ದರು. ನಾನೂ ಕೈ ಮುಗಿದೆ. ನಿಜ ಹೇಳಲಿಲ್ಲ.